ಮೂರನೆಯ ಕಂಬದ ಹತ್ತಿರ

ಮೊದಲು ಕೇಳಿಸಿದ್ದು ಜೋಳ ಸುರಿದಂಥ ಸದ್ದು. ಮುಚ್ಚಿದ ಕೋಣೆಯೊಳಗೆ ಯಾರೋ ಒಂದು ಮುಷ್ಟಿ ಕಾಳನ್ನು ಬೆರಳ ಸಂದಿಯಿಂದ ನಿಧಾನವಾಗಿ ಮೊರಕ್ಕೆ ಬಿಡುತ್ತಿದ್ದಾರೆ ಅನ್ನಿಸುವಷ್ಟು ಸಣ್ಣದು. ಅದು ನಿಂತಿತು. ನಾನು ಉಸಿರು ಬಿಗಿಹಿಡಿದು ಕಾದೆ. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಿವಿಯ ಕೆಳಗೆ ಬಹಳ ಆಳದಲ್ಲಿ, ಹರಳೊಂದು ಬಿದ್ದ ಹಾಗೆ ‘ಟಪ್’ ಎಂದಿತು.

ಎದ್ದು ಕುಳಿತೆ. ಕಂದೀಲು ಆರಿಸಿಯಾಗಿತ್ತು. ಪಡಸಾಲೆಯ ಕತ್ತಲಲ್ಲಿ ಗೋಡೆಗೆ ತೂಗುಹಾಕಿದ್ದ ಅಕ್ಷರಮಾಲೆಯ ಪಟ ಮಾತ್ರ ಮಸುಕಾಗಿ ಕಾಣುತ್ತಿತ್ತು.

“ಪದ್ಮವ್ವಾ, ಏನರ ಕೇಳಸ್ತೇನ?”

ಪಕ್ಕದ ಚಾಪೆಯಲ್ಲಿದ್ದ ಅಂಗನವಾಡಿ ಕಾರ್ಯಕರ್ತೆ ಪದ್ಮವ್ವ ಮಗ್ಗುಲು ಬದಲಿಸಿದಳು. “ಹೆಗ್ಗಣ ಇರಬೇಕ್ರಿ ಮೇಡಮ್ಮಾರ. ಹಳೇ ಮನಿ. ಅವಕ್ಕೂ ಸುಗ್ಗಿ ಅಲ್ರಿ. ಮಕ್ಕೋರಿ.”

ಹೆಗ್ಗಣದ ಸದ್ದು ನನಗೆ ಗೊತ್ತು. ಅದು ಕೆರೆಯುತ್ತದೆ, ಓಡುತ್ತದೆ, ಇನ್ನೊಂದು ಹೆಗ್ಗಣದ ಜೊತೆ ಜಗಳಾಡುತ್ತದೆ. ಇದು ಓಡುತ್ತಿರಲಿಲ್ಲ. ಬೀಳುತ್ತಿತ್ತು. ನಾನು ಮತ್ತೆ ನೆಲಕ್ಕೆ ಕಿವಿ ಇಟ್ಟು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ತಲೆಯ ಹತ್ತಿರ ನೆಲ ಗಟ್ಟಿಯಾಗಿತ್ತು. ಕೈ ಚಾಚಿ ಮೂರನೆಯ ಕಂಬದ ಹತ್ತಿರ ತಟ್ಟಿದರೆ ಖಾಲಿ ಕೊಡ ತಟ್ಟಿದ ಹಾಗೆ ಕೇಳಿಸಿತು. ಕೈ ತಾನಾಗಿ ಹಿಂದಕ್ಕೆ ಬಂತು.

ಬೆಳಗಿನ ಹತ್ತಕ್ಕೆ ಈ ನೆಲದ ಮೇಲೆ ಇಪ್ಪತ್ತೆರಡು ಮಕ್ಕಳು ಬಂದು ಕೂರುವವರಿದ್ದರು. ಈ ನೆಲ ಸುಭದ್ರವಾಗಿದೆ ಎಂದು ಬರೆದುಕೊಟ್ಟವಳು ನಾನು.

ಬರೆದುಕೊಟ್ಟದ್ದು ಹೀಗೆ. 2002ರ ನವೆಂಬರಿನಲ್ಲಿ ನಮ್ಮ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಮಲಾಬಾಯಿಯವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಮೇಲ್ವಿಚಾರಕಿಯರಲ್ಲಿ ನಾನು ಹಿರಿಯಳು ಎಂಬ ಒಂದೇ ಕಾರಣಕ್ಕೆ, ‘ಮುಂದಿನ ಆದೇಶದವರೆಗೆ’ ಎಂಬ ಮಾತಿನೊಂದಿಗೆ, ಕಚೇರಿಯ ಪ್ರಭಾರ ನನ್ನ ಹೆಸರಿಗೆ ಬಂತು. ಆದೇಶದ ಪ್ರತಿ ಕೈಗೆ ಕೊಡುತ್ತ ಗುಮಾಸ್ತ ವೆಂಕಣ್ಣ ನಕ್ಕಿದ್ದರು.

“ಮೀನಾ ಮೇಡಂ, ಪ್ರಭಾರ ಅಂದ್ರ ಬಸ್ಸಿನ್ಯಾಗ ಕಿಡಕ್ಯಾಗಿಂದ ಟಾವೆಲ್ ಒಗದು ಸೀಟ ಹಿಡೀತಾರ ನೋಡ್ರಿ, ಹಂಗ. ಖರೇ ಮನಶ್ಯಾ ಬಂದು ಕುಂಡ್ರೂತನಕ ನೀವು ಟಾವೆಲ್ಲು. ಟಾವೆಲ್ ಯಾವತ್ತೂ ತಲಿ ಕೆಡಿಸ್ಕೋಬಾರದು.”

ನಾನು ತಲೆ ಕೆಡಿಸಿಕೊಳ್ಳುವವಳು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವಳು. ಹೊಸ ಕುರ್ಚಿಯ ಅಂಚಿನಲ್ಲಿ ಕುಳಿತು, ಬಂದ ಕಾಗದವನ್ನೆಲ್ಲ ಎರಡೆರಡು ಸಲ ಓದಿ ಸಹಿ ಮಾಡುತ್ತಿದ್ದೆ. ಹಳೆಯ ಕೆಲಸವೂ ಹೋಗಿರಲಿಲ್ಲ. ನನ್ನ ವಲಯದ ಇಪ್ಪತ್ತಾರು ಅಂಗನವಾಡಿಗಳಿಗೆ ನಾನೇ ಮೇಲ್ವಿಚಾರಕಿ, ತಾಲೂಕಿಗೆಲ್ಲ ನಾನೇ ಅಧಿಕಾರಿ.

ಜನವರಿಯಲ್ಲಿ, ಪೋಲಿಯೋ ಹನಿಯ ಭಾನುವಾರದ ಓಡಾಟದ ನಡುವೆ, ಸಂಗಳಗೊಪ್ಪದ ಪದ್ಮವ್ವ ಒಂದು ಅರ್ಜಿ ತಂದಳು. ಅವಳ ಅಂಗನವಾಡಿ ನಡೆಯುತ್ತಿದ್ದ ಹಣಮಪ್ಪನ ಗುಡಿಯನ್ನು ಬಿಚ್ಚಿ ಹೊಸದಾಗಿ ಕಟ್ಟುವವರಿದ್ದರು. ಊರಿನ ನಿಜಗುಣಪ್ಪ ತಮ್ಮ ಮನೆಯ ಪಡಸಾಲೆಯನ್ನು ಬಾಡಿಗೆ ಬೇಡವೆಂದೇ ಬಿಟ್ಟುಕೊಡುತ್ತಿದ್ದರು. ಅದಕ್ಕೊಂದು ನಮೂನೆ ಇತ್ತು. ‘ಸ್ಥಳ ಪರಿಶೀಲಿಸಿದ್ದೇನೆ, ಕಟ್ಟಡ ಸುಭದ್ರವಾಗಿದ್ದು ಮಕ್ಕಳಿಗೆ ಯೋಗ್ಯವಾಗಿದೆ’ ಎಂದು ಮೇಲ್ವಿಚಾರಕಿ ಸಹಿ ಮಾಡಬೇಕು. ಅದರ ಕೆಳಗೆ ‘ಒಪ್ಪಿದೆ’ ಎಂದು ಅಧಿಕಾರಿ ಸಹಿ ಮಾಡಬೇಕು. ಕಮಲಾಬಾಯಿಯವರು ಇದ್ದಾಗ ಒಪ್ಪುವ ಮೊದಲು ಕನ್ನಡಕದ ಮೇಲಿಂದ ನೋಡಿ, “ಖರೇ ಹೋಗಿದ್ದೇನಮ್ಮಾ? ಬಾಗಲಾ ಯಾವ ದಿಕ್ಕಿಗೈತಿ?” ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೆ ಹೆದರಿ ನಾವೆಲ್ಲ ಬಿಸಿಲಲ್ಲಿ ನಡೆದು ಹೋಗಿ ನೋಡಿ ಬರುತ್ತಿದ್ದೆವು.

ಈಗ ಕೇಳುವವರು ಇರಲಿಲ್ಲ. “ನೋಡಾಕ ಹೋದ್ರ ಒಂದ ದಿನ, ಸಹಿ ಮಾಡಿದ್ರ ಒಂದ ಮಿನಿಟು,” ಎಂದರು ವೆಂಕಣ್ಣ. ಮಕ್ಕಳು ಗಿಡದ ಕೆಳಗೆ ಕುಳಿತಿದ್ದಾರೆ ಎಂದಳು ಪದ್ಮವ್ವ. ನಾನು ನೋಡಿದೆ ಎಂದು ಬರೆದೆ. ಅದೇ ಪೆನ್ನಿನಿಂದ, ಎರಡು ಬೆರಳು ಕೆಳಗೆ, ಒಪ್ಪಿದೆ ಎಂದೂ ಬರೆದೆ.

ಆಮೇಲೆ ಮೂರು ವಾರ ಆ ಕಾಗದ ನನ್ನ ನಿದ್ದೆಯೊಳಗೆ ಬಂದು ಬಂದು ಹೋಯಿತು. ಸುಳ್ಳು ಭೇಟಿ ಬರೆದವರಿಗೆ ಅಮಾನತು ಎಂಬುದು ನಮ್ಮಲ್ಲಿ ಹೊಸಬರಿಗೂ ಗೊತ್ತಿರುವ ಮಾತು. ಒಮ್ಮೆ ಹೋಗಿ ನೋಡಿಬಿಟ್ಟರೆ ಬರೆದದ್ದು ನಿಜವಾಗಿಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಫೆಬ್ರುವರಿಯ ಒಂದು ದಿನ ಮುನವಳ್ಳಿಯಲ್ಲಿ ಸಭೆ ಮುಗಿಸಿ, ಸಾಲಹಳ್ಳಿಯ ಹಾದಿಯಲ್ಲಿ ಇಳಿದು ಮೂರು ಕಿಲೋಮೀಟರು ನಡೆದು ಸಂಗಳಗೊಪ್ಪ ಸೇರುವಷ್ಟರಲ್ಲಿ ಕತ್ತಲಾಗಿತ್ತು. ತಿರುಗಿ ಹೋಗಲು ಬಸ್ಸಿರಲಿಲ್ಲ. ಪದ್ಮವ್ವನ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ, ಅದರಲ್ಲಿ ಅವಳ ಮಾವ. ಹಾಗಾಗಿ ನಾವಿಬ್ಬರೂ ಪಡಸಾಲೆಯಲ್ಲೇ ಮಲಗಿದ್ದೆವು.

ಬೆಳಗಾಗುವ ತನಕ ಆ ಸದ್ದು ಇನ್ನೂ ಎರಡು ಸಲ ಬಂತು.

ಬೆಳಕು ಹರಿದಾಗ ಪಡಸಾಲೆ ಸಾದಾಸೀದಾ ಕಂಡಿತು. ನಾಲ್ಕು ಕಟ್ಟಿಗೆಯ ಕಂಬ, ಸಾರಿಸಿದ ಮಣ್ಣಿನ ನೆಲ, ಮೂಲೆಯಲ್ಲಿ ಪೌಷ್ಟಿಕ ಆಹಾರದ ಚೀಲಗಳು, ಮಕ್ಕಳ ತಟ್ಟೆಗಳ ಬುಟ್ಟಿ. ಪದ್ಮವ್ವ ನೀರು ಚಿಮುಕಿಸಿ ಕಸ ಗುಡಿಸಿದಳು. ನಾನು ನೆಲ ಒಣಗುವುದನ್ನು ನೋಡುತ್ತ ನಿಂತೆ. ಎಲ್ಲ ಕಡೆ ಒಣಗಿತು. ಮೂರನೆಯ ಕಂಬದ ಹತ್ತಿರ ಮಾತ್ರ ಹಿಟ್ಟು ನಾದುವ ದೊಡ್ಡ ಪರಾತದಷ್ಟು ಅಗಲ, ದುಂಡಗೆ, ತೇವ ಉಳಿಯಿತು. ಅಲ್ಲಿ ನೆಲ ಒಂದು ಬೆರಳು ತಗ್ಗಿತ್ತು.

ಒಳಮನೆಯ ಬಾಗಿಲಲ್ಲಿ ನಿಜಗುಣಪ್ಪನ ತಾಯಿ ಚನ್ನವ್ವ ಕುಳಿತಿದ್ದರು. ಎಂಬತ್ತರ ಹತ್ತಿರದ ಹೆಂಗಸು, ನೆಟ್ಟಗಿನ ಬೆನ್ನು. ಮಗ ಸೊಸೆ ನಸುಕಿನಲ್ಲೇ ಹೊಲಕ್ಕೆ ಹೋಗಿದ್ದರು. ಅವರು ನನ್ನನ್ನೇ ನೋಡುತ್ತಿದ್ದರು.

“ಅವ್ವಾ, ಈ ಕಂಬದ ಕೆಳಗ ಏನರ ಐತೇನ್ರಿ?”

“ಕಂಬದ ಕೆಳಗ ಕಲ್ಲ ಇರತೈತಿ. ಮತ್ತೇನ ಇರತೈತಿ?”

“ಅಲ್ರಿ, ತಟ್ಟಿದ್ರ ಟೊಳ್ಳ ಸಪ್ಪಳ ಬರತೈತಿ.”

“ನಿಮ್ಮ ಕಿವಿ ಟೊಳ್ಳ ಇರಬೇಕ ತಗೋರಿ.” ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ತಳ್ಳಿ ಕೇಳಿದರು, “ನೀವು ಯಾವ ಆಫೀಸಿನವರು? ಮಾಮಲೇದಾರ ಆಫೀಸೇನ?”

“ಅಲ್ರಿ. ಅಂಗನವಾಡಿ ಆಫೀಸು.”

“ಸರಕಾರದ್ದ ಹೌದಲ್ಲ ಅದೂ?”

“ಹೌದ್ರಿ.”

“ಹಂಗಾರ ಏನೂ ಇಲ್ಲ,” ಎಂದು ಒಳಗೆ ಎದ್ದು ಹೋದರು.

ನಾನು ಪದ್ಮವ್ವನನ್ನು ಅಂಗಳಕ್ಕೆ ಕರೆದೆ. ಇವತ್ತೊಂದು ದಿನ ಮಕ್ಕಳನ್ನು ಹೊರಗೆ ಕೂರಿಸೋಣ ಎಂದೆ.

“ಎಲ್ಲಿ ಕುಂಡ್ರಸೂದ್ರಿ? ಗುಡಿ ಮುಂದ ಕಲ್ಲ ಕೆಡವ್ಯಾರ. ಬೇವು ಎಲಿ ಉದರಸೇತಿ, ಅಂಗಳದಾಗ ದಿನಾಪೂರ್ತಿ ಬಿಸಲ. ಮನಿಗೆ ಕಳಸೂಣಂದ್ರ ಅವ್ವದೇರೆಲ್ಲ ಜ್ವಾಳ ಕೊಯ್ಯಾಕ ಹೋಗ್ಯಾರ, ಮನಿಗೆ ಕೀಲಿ. ಯಾಕ್ರಿ, ಏನಾತು?”

“ನೆಲ ನನಗ ಯಾಕೋ ಸರಿ ಕಾಣವಲ್ದು.”

ಪದ್ಮವ್ವ ನೆಲವನ್ನು ನೋಡಲಿಲ್ಲ, ನನ್ನನ್ನು ನೋಡಿದಳು. “ಸುಭದ್ರ ಐತಿ ಅಂತ ನೀವ ಬರದ ಕೊಟ್ಟೀರಲ್ರಿ. ಈಗ ನೀವ ಬ್ಯಾಡಂದ್ರ ನಿಜಗುಣಪ್ಪಾರು ಏನ ತಿಳಕೋತಾರ? ಪುಕ್ಕಟ ಕೊಟ್ಟಾರ.” ಆಮೇಲೆ ದನಿ ಇಳಿಸಿ, ನನಗೆ ಸಮಾಧಾನ ಹೇಳುವವಳ ಹಾಗೆ ಹೇಳಿದಳು, “ನೀವು ಬಂದ ನೋಡಿದ್ದಿಲ್ಲ ಅನ್ನೂದು ನಾ ಯಾರ ಮುಂದೂ ಆಡಿಲ್ರಿ ಮೇಡಮ್ಮಾರ. ಆಡೂದೂ ಇಲ್ಲ.”

ಅವಳು ಅದನ್ನು ನಿಷ್ಠೆಯಿಂದಲೇ ಹೇಳಿದಳು. ಆದರೆ ನೆಲದ ವಿಷಯ ನಾನು ಬಾಯಿ ಬಿಟ್ಟರೆ, ನಾನು ಬಂದು ನೋಡಿರಲಿಲ್ಲವೆಂದು ಅವಳೂ ಬಾಯಿ ಬಿಡಬೇಕಾಗುತ್ತದೆ ಎಂಬುದು ಅಲ್ಲಿಯತನಕ ನನಗೆ ಹೊಳೆದಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೋಗಿ, ಬೇರೆ ಏನಾದರೂ ಕಾರಣ ಬರೆದು, ಎರಡು ದಿನದಲ್ಲಿ ಅಂಗನವಾಡಿಯನ್ನು ಬೇರೆ ಕಡೆ ಸಾಗಿಸಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎರಡೇ ದಿನ. ಮೂರು ವಾರ ನಿಂತ ನೆಲ ಎರಡು ದಿನ ನಿಲ್ಲಲಾರದೇ?

ಹಾಗೆ ಯೋಚಿಸಿದೆ. “ಆತು, ಈ ಬಾಜೂಕ ಕುಂಡ್ರಸು. ಕಂಬದ ಕಡೆ ಯಾರನ್ನೂ ಬಿಡಬ್ಯಾಡ,” ಎಂದಷ್ಟೇ ಹೇಳಿದೆ.

ಮಕ್ಕಳು ಬಂದರು. ಕೆಲವರು ಅಕ್ಕಂದಿರ ಸೊಂಟದ ಮೇಲೆ, ಕೆಲವರು ತಾವೇ ಗುಂಪುಗಟ್ಟಿ. ಸಣ್ಣ ಮಕ್ಕಳಿಗೆ ತಾವು ಕೂರುವ ಜಾಗ ಎಂಬುದೊಂದು ಇರುತ್ತದೆ. ಅದನ್ನು ಯಾರೂ ಬದಲಿಸಲಾರರು. ಪದ್ಮವ್ವ ಹಿಡಿದು ಈ ಕಡೆ ಕೂರಿಸಿದರೆ, ಅವಳು ತಿರುಗುವಷ್ಟರಲ್ಲಿ ಆ ಕಡೆ ಹೋಗಿರುತ್ತಿದ್ದರು. ಐಶ್ವರ್ಯಾ ಎಂಬ ಮೂರು ವರ್ಷದ ಹುಡುಗಿ ಮೂರನೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಳು. ಅದು ಅವಳ ಜಾಗ. ಕೂಲಿಗೆ ಹೋಗುವ ಕೆಂಚವ್ವನ ಮಗಳು, ಬಹಳ ಕಡಿಮೆ ಮಾತಿನ ಕೂಸು ಎಂದು ಪದ್ಮವ್ವ ಹೇಳಿದಳು.

ಹಾಡು ಶುರುವಾಯಿತು. ಹಾಡಿಗೆ ಕುಣಿತ. ಇಪ್ಪತ್ತೆರಡು ಜೊತೆ ಬರಿಗಾಲು ನೆಲವನ್ನು ಬಡಿದಾಗಲೆಲ್ಲ ನಾನು ಮೂರನೆಯ ಕಂಬದ ಬುಡ ನೋಡುತ್ತಿದ್ದೆ. “ಕುಣಿತ ಬ್ಯಾಡ, ಕಥಿ ಹೇಳು,” ಎಂದೆ. ಪದ್ಮವ್ವ ಕಥೆ ಶುರುಮಾಡಿದಳು.

ಆಗ ಚನ್ನವ್ವ ಒಳಬಾಗಿಲಿಗೆ ಬಂದು ನಿಂತದ್ದನ್ನು ನೋಡಿದೆ. ಅವರು ಮಕ್ಕಳ ಮುಖ ನೋಡುತ್ತಿರಲಿಲ್ಲ, ಕಾಲುಗಳನ್ನು ನೋಡುತ್ತಿದ್ದರು. ಯಾವುದಾದರೂ ಮಗು ಎದ್ದು ಕಂಬದ ಹತ್ತಿರ ಹೋದರೆ ಅವರ ಕೈ ಕೊರಳಿನ ಲಿಂಗದ ಕರಡಿಗೆಗೆ ಹೋಗುತ್ತಿತ್ತು. ಮಗು ಈಚೆ ಬಂದರೆ ಕೈ ಕೆಳಗಿಳಿಯುತ್ತಿತ್ತು. ಮೂರು ಸಲ ಹೀಗಾದದ್ದನ್ನು ನೋಡಿದ ಮೇಲೆ ನಾನು ಅವರ ಬಳಿ ಹೋಗಿ ಮೆಲ್ಲಗೆ ಕೇಳಿದೆ.

“ಅವ್ವಾ, ಖರೇ ಹೇಳ್ರಿ. ಕೆಳಗ ಹಗೇವು ಐತಿ ಹೌದಲ್ಲ?”

ನಮ್ಮ ಕಡೆ ಹಿಂದೆಲ್ಲ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಮೇಲೆ ಆಳು ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಕೋಣೆಯಷ್ಟು ದೊಡ್ಡ ಹೊಟ್ಟೆ.

ಅವರು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. “ಲೇವಿಯವರು ಕಬ್ಬಣದ ಸರಳ ತಗೊಂಡ ಬಂದು ನೆಲಾ ಚುಚ್ಚಿ ಚುಚ್ಚಿ ಕೇಳಿದಾಗೂ ನಾ ಹೇಳಿಲ್ಲ. ನಮ್ಮವರು ನನ್ನ ಕಡಿಂದ ಆಣಿ ಮಾಡಿಸಿದ್ರು.”

“ಸರಕಾರದವರು ರೈತರ ಕಡಿಂದ ಲೇವಿ ಜ್ವಾಳ ತಗೊಳ್ಳೂದು ನಿಂತು ಎಷ್ಟೋ ವರ್ಷ ಆತ್ರಿ ಅವ್ವಾ. ಲೇವಿ ಹೋತು.”

“ಸರಕಾರ ಹೋಗೇತೇನ?”

“ನಿಜಗುಣಪ್ಪಾರಿಗೆ ಗೊತ್ತೈತ್ರೀ?”

“ಅವ ಆಗ ಇಷ್ಟಿದ್ದ,” ಎಂದು ಮೊಣಕಾಲಿನ ಎತ್ತರ ತೋರಿಸಿದರು. “ಬಾಯಿಗೆ ಹಲಗಿ ಹಾಕಿ, ಮ್ಯಾಲ ಮಣ್ಣ ಹಾಕಿ ನಾನ ಸಾರಿಸೀನಿ. ಸಾಗವಾನಿ ಹಲಗಿ. ಏನಾಗೂದಿಲ್ಲ.” ಹಾಗೆ ಹೇಳುವಾಗಲೂ ಅವರ ಕಣ್ಣು ಐಶ್ವರ್ಯಾಳ ಕಾಲಿನ ಮೇಲಿತ್ತು. “ಒಳಗ ಒಂದೀಟ ಜ್ವಾಳ ಉಳಿದಿತ್ತು. ಕೊಳತು ಎಲ್ಲಾ ಕೆಟ್ಟ ಗಾಳಿ ಆಗಿರತೈತಿ. ಅಂಥಾದ್ರಾಗ ಇಳದ ಮನಶ್ಯಾ ಮ್ಯಾಲ ಬರೂದಿಲ್ಲ. ದೀಪ ಸುದ್ದಾ ನಿಲ್ಲೂದಿಲ್ಲ.”

ನಾನು ಪಡಸಾಲೆಯ ಕಡೆ ತಿರುಗಿದೆ. “ಪದ್ಮವ್ವಾ, ಎಲ್ಲಾ ಹುಡುಗೂರ್ನ ಹೊರಗ ಕರಕೊಂಡ ಹೋಗು. ತೂಕ ಮಾಡೂದೈತಿ.”

“ತೂಕ ಹ್ವಾದ ವಾರ ಮಾಡೇವ್ರಿ.”

“ಇನ್ನೊಮ್ಮೆ ಮಾಡು. ನಾ ನೋಡಬೇಕು.”

ಕುರ್ಚಿ ಸಿಕ್ಕ ಮೂರು ತಿಂಗಳಲ್ಲಿ ಮೊದಲ ಸಲ ಅಧಿಕಾರಿಯ ಹಾಗೆ ಮಾತಾಡಿದ್ದೆ. ಪದ್ಮವ್ವ ಮುಖ ಸಿಂಡರಿಸಿದರೂ ತೂಕದ ಗಡಿಯಾರ, ಮಕ್ಕಳನ್ನು ಕೂರಿಸಿ ತೂಗುವ ಜೋಳಿಗೆ ಎತ್ತಿಕೊಂಡು ಹೊರಟಳು. ಅಂಗಳದ ಬೇವಿನ ಟೊಂಗೆಗೆ ಅದನ್ನು ಕಟ್ಟುವುದು ನೋಡಲು ಮಕ್ಕಳು ನುಗ್ಗಿದರು. ನಾನು ಹೊಸ್ತಿಲಲ್ಲಿ ನಿಂತು ತಲೆ ಎಣಿಸಿದೆ. ಇಪ್ಪತ್ತೊಂದು.

ಐಶ್ವರ್ಯಾ ಕಂಬವನ್ನು ಎರಡೂ ಕೈಯಿಂದ ಅಪ್ಪಿಕೊಂಡು ನಿಂತಿದ್ದಳು. ಆ ಜೋಳಿಗೆಯಲ್ಲಿ ಕಾಲು ನೆಲ ಬಿಟ್ಟು ತೂಗಾಡುವುದು ಎಷ್ಟೋ ಮಕ್ಕಳಿಗೆ ಹೆದರಿಕೆ.

“ತೂಕ ಬ್ಯಾಡವಾ. ನನ್ನ ಕಡೆ ಬಾ,” ಎಂದೆ. ಅವಳು ತಲೆ ಅಲ್ಲಾಡಿಸಿದಳು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ಕಂಬ ಬಿಟ್ಟು ಒಂದು ಹೆಜ್ಜೆ ಹಿಂದಕ್ಕೆ ಹೋದಳು, ಆ ತೇವದ ದುಂಡಿನ ಮೇಲಕ್ಕೆ.

ರಾತ್ರಿ ಕೇಳಿದ್ದ ಸದ್ದೇ ಈಗ ಹಗಲಿನಲ್ಲಿ, ದೊಡ್ಡದಾಗಿ ಕೇಳಿಸಿತು. ರೊಟ್ಟಿಯ ಅಂಚು ಹರಿದ ಹಾಗೆ ನೆಲದಲ್ಲೊಂದು ಬಿರುಕು ಬಿಟ್ಟಿತು. ಹುಡುಗಿ ಬೀಳಲಿಲ್ಲ, ಇಳಿದಳು. ಮೊಣಕಾಲು, ಸೊಂಟ, ಕಂಕುಳ. ಮುರಿದ ಹಲಗೆಯೊಂದಕ್ಕೆ ಅಂಗಿ ಸಿಕ್ಕಿ ಅಲ್ಲಿಗೆ ನಿಂತಳು. ಎರಡೂ ಕೈ ಮಣ್ಣಿನ ಮೇಲೆ ಚಾಚಿದ್ದವು. ಅವಳ ಸುತ್ತಲಿಂದ ಹುಳಿ ವಾಸನೆಯ ಬೆಚ್ಚಗಿನ ಗಾಳಿ ಮೇಲೆ ಬಂತು. ಅವಳು ಅಳಲಿಲ್ಲ. ನನ್ನನ್ನು ನೋಡಿದಳು.

ನಾನು ಅಲುಗಲಿಲ್ಲ.

ಅವಳಿಗೂ ನನಗೂ ನಡುವೆ ಇದ್ದದ್ದು ಐದು ಹೆಜ್ಜೆ. ಮುಂದೆ ಹೋದರೆ ನನ್ನ ಭಾರಕ್ಕೆ ಉಳಿದದ್ದೂ ಕುಸಿಯುತ್ತದೆ ಎಂದು ಯೋಚಿಸಿ ನಿಂತೆ ಅನ್ನಬಹುದು. ಅದು ನಿಜವಲ್ಲ. ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಆ ಕಾಗದ, ಅದರ ಮೇಲಿನ ನನ್ನ ಅಕ್ಷರ. ಆಮೇಲೆ ಬಂದದ್ದು ಕೂಸು. ಆ ಎರಡರ ನಡುವೆ ಎಷ್ಟು ಹೊತ್ತು ಹೋಯಿತೋ ನನಗೆ ಗೊತ್ತಿಲ್ಲ. ಹೊರಗೆ ಪದ್ಮವ್ವ “ಎಂಟೂವರಿ ಕಿಲೋ” ಎಂದು ಕೂಗಿದ್ದು ಕೇಳಿಸಿತು. ಇನ್ನೊಂದು ಮಗುವನ್ನು ಜೋಳಿಗೆಗೆ ಹಾಕಿದ್ದು, ಅದು ಅತ್ತದ್ದು ಕೇಳಿಸಿತು.

“ಸರೀರಿ ಬಾಯಾರ.”

ಚನ್ನವ್ವ ಗೋಡೆಗುಂಟ ಬಂದರು. ಕಣ್ಣು ಕಟ್ಟಿದರೂ ನಡೆಯಬಲ್ಲವರ ಹಾಗೆ, ಎಲ್ಲಿ ಕಲ್ಲಿನ ಅಂಚಿದೆಯೋ ಅದರ ಮೇಲೆಯೇ ಹೆಜ್ಜೆ ಇಟ್ಟು ಬಂದರು. “ಬಾಯಿ ಎಲ್ಲೈತಿ ನಿಮಗ ಗೊತ್ತಿಲ್ಲ. ಅಲ್ಲೇ ಬೋರಲ ಬೀಳ್ರಿ. ನನ್ನ ಕಾಲ ಹಿಡೀರಿ.”

ಎಂಬತ್ತು ವರ್ಷದ ಆ ಹೆಂಗಸು ಹೊಟ್ಟೆಯ ಮೇಲೆ ಮಲಗಿ ಮುಂದಕ್ಕೆ ತೆವಳಿದರು. ನಾನು ಮಲಗಿ ಅವರ ಎರಡೂ ಪಾದ ಹಿಡಿದೆ. ಒರಟಾದ, ಒಣಗಿದ ಪಾದಗಳು. ನನ್ನ ಕೈಯ ಬೆವರಿಗೆ ಜಾರುತ್ತಿದ್ದವು.

“ನನ್ನ ಕೊಳ್ಳಾಗ ಕೈ ಹಾಕವಾ. ಹಾಂ. ಗಟ್ಟಿ ಹಿಡಿ. ಕೆಳಗ ನೋಡಬ್ಯಾಡ.”

“ಎಳೀರಿ,” ಎಂದರು ನನಗೆ. ಎಳೆದೆ. ಅಂಗಿ ಹರಿದ ಸದ್ದಾಯಿತು. ಕೂಸು ಅವರ ಎದೆಗೆ ಅಂಟಿಕೊಂಡು ಮೇಲೆ ಬಂತು. ನಾವು ಮೂವರೂ ಒಳಬಾಗಿಲು ಮುಟ್ಟುವಷ್ಟರಲ್ಲಿ ಹಲಗೆ, ಮಣ್ಣು ಎಲ್ಲ ಒಟ್ಟಿಗೆ ಧಡ್ ಎಂದು ಕೆಳಗೆ ಹೋಯಿತು. ಮೂರನೆಯ ಕಂಬದ ಹತ್ತಿರ ಕಪ್ಪು ಬಾಯಿಯೊಂದು ತೆರೆದುಕೊಂಡಿತ್ತು.

ಪದ್ಮವ್ವ ಓಡಿ ಬಂದಳು. ಧೂಳಿನಲ್ಲಿ ಅವಳಿಗೆ ಕಂಡದ್ದು ತೂತು, ಮತ್ತು ಬಾಗಿಲ ಬಳಿ ನನ್ನ ತೊಡೆಯ ಮೇಲಿದ್ದ ಹುಡುಗಿ.

“ಏನಾತ್ರಿ ಯವ್ವಾ?”

ನಾನು ಬಾಯಿ ತೆರೆಯುವ ಮೊದಲೇ ಚನ್ನವ್ವ ಹೇಳಿದರು. “ನೆಲಾ ಕುಸೀತು. ಅಲ್ಲಿ ಯಾರೂ ಇದ್ದಿಲ್ಲ.” ಅಷ್ಟು ವರ್ಷ ಒಂದು ಮಾತನ್ನು ಕಾಯ್ದವರಿಗೆ ಇನ್ನೊಂದನ್ನು ಕಾಯುವುದು ಕಷ್ಟವಾಗಲಿಲ್ಲ. ಮಗನ ಮೇಲೆ ಮಾತು ಬರಬಾರದು ಎಂದು ಹಾಗೆ ಹೇಳಿದರು ಅನ್ನುವುದು ನನಗೆ ಅರ್ಥವಾಯಿತು. ಸೀರೆಯ ಮಣ್ಣು ಕೊಡವಿಕೊಂಡು ನನ್ನ ಕಡೆ ನೋಡಿದರು. ನಾನು ತಿದ್ದಲಿಲ್ಲ.

ನಿಜಗುಣಪ್ಪನವರು ಹೊಲದಿಂದ ಬರುವಷ್ಟರಲ್ಲಿ ಊರ ಅರ್ಧ ಮಂದಿ ಅಂಗಳದಲ್ಲಿದ್ದರು. ಅವರು ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟರು. ಒಂದು ಮಾರು ಇಳಿಯುವಷ್ಟರಲ್ಲಿ ಅದು ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಅಂಗಳದ ಮಾತೆಲ್ಲ ನಿಂತುಹೋಯಿತು. ಯಾರೋ ಹೆಂಗಸು ತನ್ನ ಮಗನನ್ನು ಹತ್ತಿರಕ್ಕೆ ಎಳೆದುಕೊಂಡಳು.

“ತಪ್ಪಾತ್ರಿ ಬಾಯಾರ,” ಎಂದರು ನಿಜಗುಣಪ್ಪ. ಆರಿದ ಕಂದೀಲು ಇನ್ನೂ ಅವರ ಕೈಯಲ್ಲೇ ಇತ್ತು. “ಖರೇವಂದ್ರೂ ನನಗ ಗೊತ್ತಿದ್ದಿಲ್ಲ. ಗೊತ್ತಿದ್ರ ಕೊಡತಿದ್ದೆನೇನ್ರಿ? ನೀವು ತೂಕದ ನೆವಾ ಮಾಡಿ ಹುಡುಗೂರ್ನ ಹೊರಗ ಕಳಿಸಿದ್ದಿಲ್ಲಂದ್ರ ಇವತ್ತ ಊರಾಗ ಯಾರ ಮನ್ಯಾಗೂ ಒಲಿ ಹತ್ತತಿದ್ದಿಲ್ಲ. ನಿಮಗ ಹೆಂಗ ತಿಳೀತ್ರಿ?”

ಎಲ್ಲರೂ ನನ್ನ ಕಡೆ ತಿರುಗಿದರು. ರಾತ್ರಿಯೇ ತಿಳಿದಿತ್ತು ಎಂಬ ಮಾತು ನಾಲಿಗೆಯ ಮೇಲಿತ್ತು.

“ಮುಂಜಾನೆ ನೀರು ನಿಂತದ್ದು ನೋಡಿದೆ,” ಎಂದೆ.

“ನೋಡ್ರಪಾ,” ಎಂದರು ಅವರು ಸುತ್ತಲಿನವರಿಗೆ. “ಓದಿದವರ ಕಣ್ಣು ಅಂದ್ರ ಹಿಂಗ. ಖಾಯಂ ಇವರ ಇರಬೇಕ ನೋಡ ಆ ಆಫೀಸಿಗೆ.” ಒಬ್ಬಿಬ್ಬರು ನನಗೆ ಕೈ ಮುಗಿದರು. ನಾನೂ ಮುಗಿದೆ. ನನ್ನ ಕೈಗೆ ಮಣ್ಣು ಮೆತ್ತಿದ್ದು ಯಾರ ಕಣ್ಣಿಗೂ ಬೀಳದ ಹಾಗೆ ಬೇಗ ಸೆರಗಿನೊಳಗೆ ಇಟ್ಟುಕೊಂಡೆ.

ಅಂಗನವಾಡಿಯ ಸಾಮಾನನ್ನು ಮಧ್ಯಾಹ್ನವೇ ಶಾಲೆಯ ಒಂದು ಕೋಣೆಗೆ ಸಾಗಿಸಿದರು. ಬೇಡಿದ್ದರೆ ಮೊದಲೇ ಸಿಗುತ್ತಿದ್ದ ಕೋಣೆ ಅದು.

ಸಂಜೆ ನಾನು ಹೊರಡುವ ಹೊತ್ತಿಗೆ ಕೆಂಚವ್ವ ಮಗಳನ್ನು ಕರೆದೊಯ್ಯಲು ಬಂದಳು. ತಲೆಯ ಮೇಲೆ ಜೋಳದ ತೆನೆಯ ಗಂಟು, ಕುಡುಗೋಲು ಸೊಂಟದಲ್ಲಿ. ಶಾಲೆಯ ಕಟ್ಟೆಯ ಮೇಲೆ ಹುಡುಗಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಆಗಿನಿಂದ ಒಂದೂ ಮಾತಾಡಿರಲಿಲ್ಲ. ಹರಿದ ಅಂಗಿಯನ್ನು ನಾನು ಪದ್ಮವ್ವನಿಂದ ಸೂಜಿ ಕೇಳಿ ಹೊಲಿದಿದ್ದೆ. ಕಂಕುಳಲ್ಲಿ ತರಚಿದ್ದಕ್ಕೆ ಅರಿಶಿನ ಹಚ್ಚಿದ್ದೆ.

ಕೆಂಚವ್ವ ಗಂಟು ಇಳಿಸಿ ಮಗಳನ್ನು ಎತ್ತಿಕೊಂಡಳು. ಹುಡುಗಿ ಮುಲುಗಿದಳು. “ಏನಾಗೇತಿ ಇಕಿಗೆ? ಇದೇನ ತರಚೇತಿ? ಯಾಕ ಸುಮ್ಮನ ಅದಾಳ್ರಿ ಬಾಯಾರ?”

ಅವಳ ಮುಖ ನನ್ನ ಮುಖಕ್ಕೆ ಬಹಳ ಹತ್ತಿರವಿತ್ತು. ಬೆವರು, ಬಿಸಿಲು, ಒಣ ದಂಟಿನ ವಾಸನೆ. ಹೇಳಬೇಕಾದವಳು ಯಾರಾದರೂ ಇದ್ದರೆ ಇವಳೇ. ನಿನ್ನ ಮಗಳು ಬಾವಿಯಂಥದ್ದರ ಬಾಯಲ್ಲಿ ನೇತಾಡಿದಳು, ನಾನು ನಿಂತು ನೋಡಿದೆ. ರಾತ್ರಿಯೇ ನನಗೆ ಗೊತ್ತಿತ್ತು. ಎರಡು ವಾಕ್ಯ.

“ತೂಕಕ್ಕ ಅಂಜಿದಳು,” ಎಂದೆ. “ಜೋಳಗ್ಯಾಗ ಒದ್ದಾಡಿ ತರಚಿಕೊಂಡಾಳ.”

ಕೆಂಚವ್ವ ನಕ್ಕಳು. “ಅಂಜಬುರಕಿ ಅದಾಳ್ರಿ ಇಕಿ, ಅವರಪ್ಪನಂಗ. ನೆಲಾ ಕುಸದಾಗ ಹುಡುಗೂರೆಲ್ಲಾ ಹೊರಗ ಇದ್ವಂತಲ್ರಿ. ಹೊಲದಾಗ ಸುದ್ದಿ ಬಂತು. ನಿಮ್ಮ ಹೊಟ್ಟಿ ತಣ್ಣಗಿರಲಿ.” ಬಗ್ಗಿ ನನ್ನ ಪಾದ ಮುಟ್ಟಲು ಬಂದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅವಳ ಹೆಗಲ ಮೇಲಿಂದ ಐಶ್ವರ್ಯಾ ನನ್ನನ್ನು ನೋಡುತ್ತಲೇ ಇದ್ದಳು. ಇನ್ನು ಆರು ತಿಂಗಳಿಗೆ, ಒಂದು ವರ್ಷಕ್ಕೆ, ಮಾತು ಕೂಡಿಸಲು ಬಂದಾಗ ಅವಳು ಏನು ಹೇಳಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಮೂರು ವರ್ಷದ ಮಕ್ಕಳು ಮರೆಯುತ್ತವೆ ಎಂದು ನಮ್ಮ ತರಬೇತಿಯಲ್ಲಿ ಹೇಳಿದ್ದರು. ಎಷ್ಟನ್ನು ಮರೆಯುತ್ತವೆ ಎಂದು ಹೇಳಿರಲಿಲ್ಲ.

ರಸ್ತೆಗೆ ಬಂದು ಕೊನೆಯ ಬಸ್ಸಿಗೆ ಕಾಯುತ್ತ ನಿಂತೆ. ಕೊಯ್ದ ಹೊಲಗಳ ಮೇಲೆ ಕತ್ತಲು ಇಳಿಯುತ್ತಿತ್ತು. ಬೈಲಹೊಂಗಲದ ಮನೆ ತಲುಪಿದರೆ ನಮ್ಮವರು, ಎರಡು ದಿನ ಎಲ್ಲಿದ್ದೆ, ಮುಖ ಯಾಕೆ ಹೀಗಾಗಿದೆ ಎಂದು ಕೇಳುತ್ತಾರೆ. ನಾಳೆ ವೆಂಕಣ್ಣ ಕೇಳುತ್ತಾರೆ. ಆ ಮೇಲೆ ಜಿಲ್ಲೆಯಿಂದ ಕಾಗದ ಬಂದು ಕೇಳುತ್ತದೆ. ಎಲ್ಲರಿಗೂ ಕೊಡುವ ಉತ್ತರವನ್ನು ಚನ್ನವ್ವ ಆಗಲೇ ಸಿದ್ಧಮಾಡಿ ಇಟ್ಟಿದ್ದರು. ನಾನು ಅದನ್ನು ಒಳ್ಳೆಯ ಕನ್ನಡದಲ್ಲಿ ಬರೆದರೆ ಸಾಕಿತ್ತು.

ಬಸ್ಸಿನ ದೀಪ ದೂರದಲ್ಲಿ ಕಂಡಾಗ ನಾನು ನಿರ್ಧರಿಸಿಯಾಗಿತ್ತು. ಮನೆಯಲ್ಲಿ ಹೇಳುವುದಿಲ್ಲ. ಕಚೇರಿಯಲ್ಲಿ ಹೇಳುವುದಿಲ್ಲ. ಆ ಐದು ಹೆಜ್ಜೆಗಳ ಈಚೆ ನಾನು ನಿಂತಿದ್ದನ್ನು ಯಾರಿಗೂ, ಯಾವತ್ತೂ ಹೇಳುವುದಿಲ್ಲ. ಕೈ ಎತ್ತಿ ಬಸ್ಸು ನಿಲ್ಲಿಸಿದೆ.